ಒಂದೇ ಕೋಆಕ್ಸ್, ಮೂರು ಬ್ಯಾಂಡು: ಬಯಲುಸೀಮೆಯ ಮನೆಗೆ ಫ್ಯಾನ್ ಡೈಪೋಲ್

ಹೊಸದಾಗಿ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡುಗಳಿಗೆ ಬರುವ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ನಾನು ಮೊದಲು ಹೇಳುವುದು ಒಂದೇ ಮಾತು: ರಿಗ್‌ಗೆ (ರೇಡಿಯೋ ಸೆಟ್ಟಿಗೆ) ಕೊಟ್ಟ ಹಣದ ಹತ್ತನೇ ಒಂದು ಭಾಗವನ್ನೂ ಆಂಟೆನಾಗೆ ಸುರಿಯಬೇಕಿಲ್ಲ, ಆದರೆ ಅದಕ್ಕೆ ಒಂದೆರಡು ಭಾನುವಾರಗಳನ್ನು ತಾಳ್ಮೆಯಿಂದ ಕೊಡಲೇಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೇಕಾದ ಸಾಮಗ್ರಿಯೆಲ್ಲ ಕೈಯಳತೆಯಲ್ಲೇ ಇದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತಂತಿ, ಹನಿ ನೀರಾವರಿ ಅಂಗಡಿಯಲ್ಲಿ ಕಪ್ಪು ಪೈಪು, ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಐ ಪೈಪು ಮತ್ತು ಹಗ್ಗ ಸಿಗುತ್ತವೆ. ಹೊರಗಿನಿಂದ ತರಿಸಬೇಕಾದದ್ದು ಒಳ್ಳೆಯ ಕೋಆಕ್ಸಿಯಲ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಹೆಣೆದ ಕವಚ; ಚಿಕ್ಕದಾಗಿ ಕೋಆಕ್ಸ್), ಕಾಂತೀಯ ವಸ್ತುವಿನ ಒಂದು ಫೆರೈಟ್ ರಿಂಗ್ ಮತ್ತು ಆಂಟೆನಾ ಅಳೆಯುವ ಪುಟ್ಟ ಉಪಕರಣವಾದ ಒಂದು ನ್ಯಾನೋವಿಎನ್ಎ ಮಾತ್ರ.

ಇಲ್ಲಿ ವಿವರಿಸುವುದು 7, 14 ಮತ್ತು 28 ಮೆಗಾಹರ್ಟ್ಸ್‌ಗಳಿಗೆ, ಅಂದರೆ 40, 20 ಮತ್ತು 10 ಮೀಟರ್ ಬ್ಯಾಂಡುಗಳಿಗೆ ಒಟ್ಟಾಗಿ ಕೆಲಸ ಮಾಡುವ ಫ್ಯಾನ್ ಡೈಪೋಲ್. ಡೈಪೋಲ್ ಎಂದರೆ ನಡುವಿನಲ್ಲಿ ಕೇಬಲ್ ಸೇರುವ, ಎರಡು ಬದಿಗೆ ತೋಳು ಚಾಚಿದ ತಂತಿಯ ಆಂಟೆನಾ; ಅಂಥ ಹಲವು ಜೋಡಿಗಳನ್ನು ಒಂದೇ ಕಡೆ ಕೂಡಿಸಿ ಬೀಸಣಿಗೆಯಂತೆ ಹರಡಿದರೆ ಫ್ಯಾನ್ ಡೈಪೋಲ್. ಹಗಲಿನಲ್ಲಿ ಬೆಂಗಳೂರು, ಹೈದರಾಬಾದು, ಹುಬ್ಬಳ್ಳಿಯ ಕಡೆಯವರೊಂದಿಗೆ ಮಾತನಾಡಲು 40 ಮೀಟರ್ ಬೇಕು. ದೂರದ ದೇಶಗಳಿಗೆ ವರ್ಷವಿಡೀ ನೆಚ್ಚಬಹುದಾದದ್ದು 20 ಮೀಟರ್. ಸೂರ್ಯಕಲೆಗಳು ಹೆಚ್ಚಿರುವ ವರ್ಷಗಳಲ್ಲಿ 10 ಮೀಟರ್ ಬ್ಯಾಂಡು ತೆರೆದುಕೊಂಡರೆ ಕೆಲವೇ ವ್ಯಾಟ್‌ಗಳಲ್ಲಿ ಖಂಡಾಂತರ ಸಂಪರ್ಕವಾಗುತ್ತದೆ.

ಇದೇ ಏಕೆ ಎಂದು ಕೇಳುವವರಿಗೆ ಎರಡು ಮಾತು. ಹಲವು ಬ್ಯಾಂಡುಗಳಿಗೆ ಒಂದೇ ತಂತಿ ಎಂಬ ಆಸೆ ಬಹಳ ಹಳೆಯದು. ಲೋರೆನ್ ವಿಂಡಮ್ ಅವರ ಹೆಸರು ಹೊತ್ತ, ನಡುವಿನಿಂದ ಆಚೆ ಫೀಡ್ ಮಾಡುವ (ಸಂಕೇತ ಕೊಡುವ) ಆಂಟೆನಾದ ವಿವರಣೆ 1929ರಲ್ಲೇ ಪ್ರಕಟವಾಯಿತು. ಲೂಯಿ ವಾರ್ನಿ ಅವರು 1946ರಲ್ಲಿ ರೂಪಿಸಿದ ಜಿ5ಆರ್‌ವಿ ಆಂಟೆನಾ ಇಂದಿಗೂ ಬಳಕೆಯಲ್ಲಿದೆ. ಇವುಗಳಲ್ಲಿ ದೋಷವಿದೆ ಎಂದಲ್ಲ. ಆದರೆ ಜಿ5ಆರ್‌ವಿಗೆ ಸುಮಾರು 31 ಮೀಟರ್ ಉದ್ದದ ಜಾಗ ಮತ್ತು ಟ್ಯೂನರ್ (ರಿಗ್ಗಿಗೂ ಆಂಟೆನಾಗೂ ಹೊಂದಾಣಿಕೆ ಮಾಡುವ ಸಾಧನ) ಬೇಕು. ನಡುವಿನಿಂದ ಆಚೆ ಫೀಡ್ ಮಾಡುವ ಡೈಪೋಲ್‌ಗೆ 4:1 ಬಾಲನ್ (ಕೇಬಲ್ಲನ್ನು ಆಂಟೆನಾಗೆ ಹೊಂದಿಸುವ ಟ್ರಾನ್ಸ್‌ಫಾರ್ಮರ್) ಜೊತೆಗೆ ಬಲವಾದ ಚೋಕ್ (ಕೇಬಲ್ಲಿನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ತಡೆಯುವ ಸುತ್ತು) ಬೇಕು. ತಂತಿಯ ನಡುನಡುವೆ ಬ್ಯಾಂಡು ತಡೆಯುವ ಟ್ರ್ಯಾಪ್‌ಗಳಿರುವ ಡೈಪೋಲ್‌ಗೆ ಕರಾರುವಾಕ್ಕಾದ ಕಾಯಿಲ್ ಮತ್ತು ಕೆಪಾಸಿಟರ್ ಬೇಕು. ಫ್ಯಾನ್ ಡೈಪೋಲ್‌ನಲ್ಲಿ ಪ್ರತಿ ಬ್ಯಾಂಡಿಗೂ ಅದರದೇ ಜೋಡಿ ತಂತಿ ಇರುವುದರಿಂದ, ಏನು ಬದಲಿಸಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೊದಲ ಆಂಟೆನಾಗೆ ಇದಕ್ಕಿಂತ ಒಳ್ಳೆಯ ಗುರುವನ್ನು ನಾನು ಕಂಡಿಲ್ಲ.

ಇದರ ತತ್ವ ಸರಳವಾಗಿದೆ. ಮೂರು ಜೋಡಿ ತಂತಿಗಳೂ ಒಂದೇ ಫೀಡ್ ಪಾಯಿಂಟಿಗೆ, ಅಂದರೆ ಕೇಬಲ್ ಕೂಡುವ ಜಾಗಕ್ಕೆ, ಸೇರಿರುತ್ತವೆ. 7 ಮೆಗಾಹರ್ಟ್ಸ್‌ನ ಸಂಕೇತ ಬಂದಾಗ ಉದ್ದನೆಯ ಜೋಡಿ ಮಾತ್ರ 50ರಿಂದ 70 ಓಮ್‌ಗಳ ಸುಲಭ ದಾರಿಯನ್ನು ಕೊಡುತ್ತದೆ. ಉಳಿದವುಗಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬಹಳ ಹೆಚ್ಚಿರುವುದರಿಂದ ಅವುಗಳತ್ತ ಕರೆಂಟ್ ಹೆಚ್ಚಾಗಿ ಹರಿಯುವುದಿಲ್ಲ. 14ರಲ್ಲಿ ನಡುವಿನ ಜೋಡಿ, 28ರಲ್ಲಿ ಚಿಕ್ಕ ಜೋಡಿ ಆ ಕೆಲಸ ವಹಿಸಿಕೊಳ್ಳುತ್ತವೆ. 7ರ ತಂತಿ 14ರಲ್ಲಿ ಪೂರ್ಣ ತರಂಗಾಂತರದ್ದಾಗುವುದರಿಂದ ನಡುವಿನಲ್ಲಿ ಅದರ ಇಂಪೀಡೆನ್ಸ್ ಸಾವಿರಾರು ಓಮ್‌ಗಳಿಗೆ ಏರಿ, ತಾನಾಗಿಯೇ ದಾರಿ ಬಿಡುತ್ತದೆ.

ಅಳತೆ ಮತ್ತು ತಂತಿ

ಅರ್ಧ ತರಂಗಾಂತರದ ಡೈಪೋಲ್‌ನ ಒಟ್ಟು ಉದ್ದವನ್ನು ಮೀಟರಿನಲ್ಲಿ ತಿಳಿಯಲು 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡು 7.000ದಿಂದ 7.200ರವರೆಗೆ ಇರುವುದರಿಂದ ನಡುವಿನ 7.100 ಹಿಡಿದರೆ ಒಟ್ಟು 20.14 ಮೀಟರ್, ಅಂದರೆ ಪ್ರತಿ ತೋಳು 10.07 ಮೀಟರ್. 14.200ಕ್ಕೆ ತೋಳು 5.03 ಮೀಟರ್, 28.500ಕ್ಕೆ 2.51 ಮೀಟರ್. ಇವು ಹೊದಿಕೆಯಿಲ್ಲದ, ಒಂಟಿಯಾದ, ಸಾಕಷ್ಟು ಎತ್ತರದಲ್ಲಿರುವ ತಂತಿಯ ಲೆಕ್ಕ. ಮನೆ ವೈರಿಂಗಿನ ಪಿವಿಸಿ ಹೊದಿಕೆಯ ತಂತಿಯಲ್ಲಿ ಅಲೆಯ ವೇಗ ತುಸು ಕಡಿಮೆಯಾಗುವುದರಿಂದ ಇದಕ್ಕಿಂತ ನೂರಕ್ಕೆ 2ರಿಂದ 4ರಷ್ಟು ಕಡಿಮೆ ಉದ್ದ ಸಾಕಾಗುತ್ತದೆ. ಅದಕ್ಕೆ ವಿರುದ್ಧವಾಗಿ, ಫ್ಯಾನಿನಲ್ಲಿ ಪಕ್ಕದ ತಂತಿಗಳ ಪ್ರಭಾವದಿಂದ ಚಿಕ್ಕ ಜೋಡಿಗಳಿಗೆ ಲೆಕ್ಕಕ್ಕಿಂತ ಹೆಚ್ಚು ಉದ್ದ ಬೇಕಾಗುವುದುಂಟು. ಆದ್ದರಿಂದ 10.40, 5.25 ಮತ್ತು 2.70 ಮೀಟರ್‌ಗಳಿಂದ ಆರಂಭಿಸುವುದು ಕ್ಷೇಮ. ಕತ್ತರಿಸಿ ಬಿಟ್ಟ ತಂತಿಯನ್ನು ಮತ್ತೆ ಬೆಸೆಯುವುದಕ್ಕಿಂತ ಉಳಿದ ತಂತಿಯನ್ನು ಮಡಿಸಿಡುವುದು ಸುಲಭ.

2.5 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ ತಂತಿ ಈ ಕೆಲಸಕ್ಕೆ ಸೊಗಸಾಗಿ ಒಗ್ಗುತ್ತದೆ. ಅದರ ತಾಮ್ರ ಮೆದುವಾದದ್ದು. ಎಳೆತಕ್ಕೆ ನಿಧಾನವಾಗಿ ಉದ್ದವಾಗುತ್ತದೆ. ಹಾಗಾಗಿ ಅಳೆಯುವ ಮುನ್ನ ತಂತಿಯ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಜಗ್ಗಿ ಸ್ವಲ್ಪ ಹೊತ್ತು ಬಿಗಿಯಾಗಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಒಂದು ಬೇಸಗೆ ಕಳೆಯುವಷ್ಟರಲ್ಲಿ ಅನುರಣನ (ತಂತಿ ಚೆನ್ನಾಗಿ ಸ್ಪಂದಿಸುವ ಆವರ್ತನ) ಕೆಳಕ್ಕೆ ಜಾರಿರುತ್ತದೆ.

ಮೂರು ತಂತಿಗಳನ್ನು ಒಂದರಿಂದೊಂದು ದೂರವಿಡುವುದಕ್ಕೆ 16 ಮಿಲಿಮೀಟರಿನ ಹನಿ ನೀರಾವರಿ ಲ್ಯಾಟರಲ್ ಪೈಪಿನ ತುಂಡುಗಳನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಕುಷ್ಟಗಿಯ ದಾಳಿಂಬೆ ತೋಟಗಳಲ್ಲಿ ವರ್ಷಗಟ್ಟಲೆ ಬಿಸಿಲುಂಡರೂ ಬಾಳುವ ಪೈಪು ಅದು; ಅದರಲ್ಲಿರುವ ಕಪ್ಪು ಇಂಗಾಲ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. 30 ಸೆಂಟಿಮೀಟರಿನ ತುಂಡುಗಳಿಗೆ ಮೂರು ತೂತು ಕೊರೆದು, ಮೀಟರಿಗೊಂದರಂತೆ ತಂತಿ ಪೋಣಿಸಿ ಜಾರದಂತೆ ಕಟ್ಟಬೇಕು. ಚಿಕ್ಕ ಜೋಡಿಗಳ ತುದಿಗಳು ಉದ್ದ ತಂತಿಯಿಂದ ದೂರವಾದಷ್ಟೂ ಪರಸ್ಪರ ಪ್ರಭಾವ ಕಡಿಮೆಯಾಗುತ್ತದೆ. ಜಾಗವಿದ್ದರೆ ಅವುಗಳನ್ನು ಬೇರೆ ದಿಕ್ಕಿಗೇ ಎಳೆದು ಕಟ್ಟುವುದು ಇನ್ನೂ ಮೇಲು. ತಂತಿಯ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದರಿಂದ ಅಲ್ಲಿಗೆ ಮಾತ್ರ ಕಪ್ಪು ಪೈಪು ಬೇಡ. ಬಿಳಿ ಪಿವಿಸಿ ಪೈಪಿನ ತುಂಡು ಅಥವಾ ಪಿಂಗಾಣಿಯ ಇನ್ಸುಲೇಟರ್ ಹಾಕಬೇಕು.

ಜಾಗ

ಊರೊಳಗಿನ 30×40 ಅಡಿಯ ಸೈಟಿನಲ್ಲಿ 20 ಮೀಟರ್ ತಂತಿ ಹಿಡಿಯುವುದಿಲ್ಲವೆಂದು ಕೈಬಿಟ್ಟವರು ಬಹಳ ಮಂದಿ. ಲೆಕ್ಕ ಹಾಕಿ ನೋಡಿದರೆ ಹಿಡಿಯುತ್ತದೆ. ಅಂಥ ತಾರಸಿಯ ಕರ್ಣ 50 ಅಡಿ, ಅಂದರೆ 15.2 ಮೀಟರ್. ನಡುವೆ ಪ್ಯಾರಾಪೆಟ್ಟಿನ ಮಟ್ಟದಿಂದ 5 ಮೀಟರ್ ಮೇಲಕ್ಕೆ ಜಿಐ ಪೈಪು ನಿಲ್ಲಿಸಿ, ಎರಡು ಮೂಲೆಗಳಿಗೆ ತಲೆಕೆಳಗಾದ ವಿ ಆಕಾರದಲ್ಲಿ ತಂತಿ ಇಳಿಸಿದರೆ ಪ್ರತಿ ಬದಿಗೆ 9.1 ಮೀಟರ್ ಸಿಗುತ್ತದೆ. ಮಿಕ್ಕ ಒಂದು ಮೀಟರನ್ನು ಮೂಲೆಯ ಬಿದಿರು ಗಳದಿಂದ ಪಕ್ಕಕ್ಕೆ ಬಾಗಿಸಬಹುದು. ಕರೆಂಟ್ ಹೆಚ್ಚಾಗಿ ಹರಿಯುವುದು ನಡುವಿನಲ್ಲಿ. ತುದಿಯ ಒಂದು ಮೀಟರ್ ಬಾಗಿದರೆ ಪ್ರಸರಣಕ್ಕೆ ಗಮನಿಸುವಂಥ ನಷ್ಟವಾಗುವುದಿಲ್ಲ. ಈ ಜೋಡಣೆಯಲ್ಲಿ ಮೇಲ್ತುದಿಯ ಕೋನ ಸುಮಾರು 113 ಡಿಗ್ರಿ ಬರುತ್ತದೆ. ಅದು 90ಕ್ಕಿಂತ ಕಡಿಮೆಯಾಗಬಾರದು. ಈ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಂಬವನ್ನು ಮಾಳಿಗೆಯ ಮೇಲೆ ಊರಬಾರದು. ಗೋಡೆಗೆ ಹೊರಗಿನಿಂದ ಕ್ಲಾಂಪ್ ಹಾಕಿ ನೆಲದಿಂದಲೇ ಎಬ್ಬಿಸಬೇಕು.

ಹೊಲದ ಮನೆಯಿದ್ದವರ ಭಾಗ್ಯವೇ ಬೇರೆ. ಎರಡು ಬೇವಿನ ಮರಗಳ ನಡುವೆ 10 ಮೀಟರ್ ಎತ್ತರದಲ್ಲಿ ಕಟ್ಟಿದ ಡೈಪೋಲ್ ತಾರಸಿಯ ಯಾವ ಆಂಟೆನಾವನ್ನಾದರೂ ಹಿಂದಿಕ್ಕುತ್ತದೆ. ಆದರೆ ಆಷಾಢದ ಗಾಳಿಗೆ ಮರಗಳು ಎರಡೂ ಕಡೆ ತೂಗಾಡುವಾಗ ಬಿಗಿದು ಕಟ್ಟಿದ ತಂತಿ ಹರಿಯುವುದು ಖಂಡಿತ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಕ್ಯಾನನ್ನು ತೂಗುಬಿಟ್ಟರೆ ಮರದ ಜೊತೆ ತಂತಿಯೂ ಹೊಂದಿಕೊಳ್ಳುತ್ತದೆ.

ದಿಕ್ಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 40 ಮೀಟರ್ ಬ್ಯಾಂಡಿನಲ್ಲಿ 10 ಮೀಟರ್ ಎತ್ತರವೆಂದರೆ ಕಾಲು ತರಂಗಾಂತರ ಮಾತ್ರ. ಶಕ್ತಿಯ ಬಹುಪಾಲು ನೇರ ಮೇಲಕ್ಕೆ ಹೋಗಿ, ಅಯಾನುಗೋಳದಿಂದ ಮರಳಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಹರಡುತ್ತದೆ. ನಮ್ಮ ರಾಜ್ಯದೊಳಗಿನ ಮಾತುಕತೆಗೆ ಬೇಕಾದದ್ದೂ ಅದೇ. 20 ಮತ್ತು 10 ಮೀಟರ್‌ಗಳಲ್ಲಿ ದಿಕ್ಕಿಗೆ ಸ್ವಲ್ಪ ಬೆಲೆಯಿದೆ. ತಂತಿ ಈಶಾನ್ಯದಿಂದ ನೈಋತ್ಯಕ್ಕೆ ಹಾಯ್ದಿದ್ದರೆ ಪ್ರಸರಣ ವಾಯವ್ಯಕ್ಕೂ ಆಗ್ನೇಯಕ್ಕೂ ಹೆಚ್ಚು. ಯುರೋಪು ಮತ್ತು ಆಸ್ಟ್ರೇಲಿಯಾ ನಮಗಿರುವುದು ಆ ದಿಕ್ಕುಗಳಲ್ಲೇ.

ಜಾಗ ಆರಿಸುವಾಗ ಕಡೆಗಣಿಸಲೇಬಾರದ ಸಂಗತಿ ವಿದ್ಯುತ್ ತಂತಿಗಳದ್ದು. ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರಿಗೆ ಹೊಲದ ಮೇಲೆ ಹಾಯುವ 11 ಕಿಲೋವೋಲ್ಟ್ ಲೈನಿನ ಮೇಲಾಗಲಿ ಕೆಳಗಾಗಲಿ ಆಂಟೆನಾ ಹಾಯಿಸಬಾರದು. ಕಂಬ ಉರುಳಿದರೂ ತಂತಿ ಹರಿದು ಹಾರಿದರೂ ಲೈನನ್ನು ಮುಟ್ಟದಷ್ಟು ದೂರ ಇರಲೇಬೇಕು. ಕಂಬದ ಎತ್ತರದ ಒಂದೂವರೆ ಪಟ್ಟು ಎಂಬುದು ಕನಿಷ್ಠ ಅಂತರ.

ಫೀಡ್ ಪಾಯಿಂಟ್

ಮೂರು ಎಡತೋಳುಗಳನ್ನು ಒಂದು ಗಂಟಾಗಿ ಕೋಆಕ್ಸಿನ ನಡುವಿನ ತಂತಿಗೆ, ಮೂರು ಬಲತೋಳುಗಳನ್ನು ಹೆಣೆದ ಕವಚಕ್ಕೆ ಬೆಸೆಯಬೇಕು. ಎಳೆತವೆಲ್ಲ ಪ್ಲಾಸ್ಟಿಕ್ ಹಲಗೆಯ ತೂತುಗಳ ಮೇಲೆ ಬೀಳಬೇಕು. ಬೆಸುಗೆಯ ಮೇಲೆ ತೂಕ ಬೀಳಲೇಬಾರದು. ತಂತಿಯನ್ನು ತೂತಿನಲ್ಲಿ ತೂರಿಸಿ, ತನ್ನ ಮೇಲೆ ತಾನೇ ಸುತ್ತಿಸಿ, ಆಮೇಲೆ ಉಳಿದ ಸಡಿಲ ಬಾಲವನ್ನು ಬೆಸೆಯುವುದು ಸರಿಯಾದ ಕ್ರಮ. ಕೋಆಕ್ಸಿನ ಬಿಚ್ಚಿದ ಬಾಯಿಗೆ ನೀರು ತಾಗಿದರೆ ಕವಚದ ಎಳೆಗಳು ಅದನ್ನು ಮೀಟರುಗಟ್ಟಲೆ ಒಳಕ್ಕೆ ಹೀರಿಕೊಳ್ಳುತ್ತವೆ. ಇದಕ್ಕೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪು ಒಳ್ಳೆಯದು. ಸಿಲಿಕೋನ್ ಹಚ್ಚುವುದಾದರೆ ಹುಳಿ ವಾಸನೆಯದ್ದು ಬೇಡ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಫೀಡ್ ಪಾಯಿಂಟಿನ ಕೆಳಗೇ ಒಂದು ಚೋಕ್, ಅಂದರೆ 1:1 ಕರೆಂಟ್ ಬಾಲನ್ ಇರಬೇಕು. ಎಫ್‌ಟಿ240-43 ಫೆರೈಟ್ ರಿಂಗಿನ ಮೇಲೆ ಆರ್‌ಜಿ-58 ಕೇಬಲ್ಲನ್ನು 10ರಿಂದ 12 ಸುತ್ತು ಸುತ್ತಿದರೆ ಸಾಕು. ಇದನ್ನು ಅನಗತ್ಯ ಖರ್ಚು ಎಂದು ಬಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಚೋಕ್ ಇಲ್ಲದಿದ್ದರೆ ಕೋಆಕ್ಸಿನ ಹೊರಮೈಯೂ ಆಂಟೆನಾದ ಭಾಗವಾಗಿಬಿಡುತ್ತದೆ. ಆಗ ಕೇಬಲ್ ಸರಿಸಿದಾಗಲೆಲ್ಲ ಅಳತೆ ಬದಲಾಗುತ್ತದೆ. ಮನೆಯ ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್, ಬಳ್ಳಾರಿಯಲ್ಲಾದರೆ ಓಣಿಯ ಜೀನ್ಸ್ ಹೊಲಿಗೆ ಘಟಕದ ಮೋಟಾರುಗಳು, ಇವೆಲ್ಲವುಗಳ ಕರಕರ ಸದ್ದು ಅದೇ ಹೊರಮೈ ಹಿಡಿದು ರಿಸೀವರಿಗೆ ಬರುತ್ತದೆ.

ಟ್ಯೂನಿಂಗ್

ಕೆಲಸದ ಮುಖ್ಯ ಭಾಗ ಇದು, ಅವಸರ ಕೂಡದು. ಮೊದಲು ನ್ಯಾನೋವಿಎನ್ಎಯನ್ನು ಓಪನ್, ಶಾರ್ಟ್, ಲೋಡ್ ಎಂಬ ಮೂರು ಹಂತಗಳಲ್ಲಿ ಕ್ಯಾಲಿಬ್ರೇಟ್ ಮಾಡಬೇಕು. ಆಂಟೆನಾವನ್ನು ಅದು ಕೊನೆಗೆ ಇರಬೇಕಾದ ಎತ್ತರಕ್ಕೇ ಏರಿಸಿ ಅಳೆಯಬೇಕು. ತಲೆಯೆತ್ತರದಲ್ಲಿ ಅಳೆದ ಅಂಕಿಗಳಿಗೆ ಬೆಲೆಯಿಲ್ಲ, ಏಕೆಂದರೆ ಆರ್‌ಸಿಸಿ ಸ್ಲ್ಯಾಬಿನೊಳಗಿನ ಕಬ್ಬಿಣವೂ ನೆಲವೂ ಅನುರಣನವನ್ನು ಕೆಳಕ್ಕೆ ಎಳೆಯುತ್ತವೆ. ಹೀಗಾಗಿ ಏರಿಸಿ ಇಳಿಸಲು ಸುಲಭವಾಗುವಂತೆ ಕಂಬದ ತುದಿಗೆ ಮೊದಲೇ ರಾಟೆ ಕಟ್ಟಿರಬೇಕು.

ಉದ್ದನೆಯ ಜೋಡಿಯಿಂದ ಆರಂಭಿಸಿ ಚಿಕ್ಕದರ ಕಡೆಗೆ ಸಾಗಬೇಕು. ಉದ್ದ ತಂತಿಯನ್ನು ಬದಲಿಸಿದರೆ ಚಿಕ್ಕವುಗಳ ಅನುರಣನವೂ ಸರಿಯುತ್ತದೆ, ಆದರೆ ಚಿಕ್ಕದನ್ನು ಬದಲಿಸಿದರೆ ಉದ್ದದ್ದು ಅಷ್ಟಾಗಿ ಸರಿಯುವುದಿಲ್ಲ. ತಿದ್ದುಪಡಿಯ ಲೆಕ್ಕ ಹೀಗೆ: ಈಗಿನ ಉದ್ದವನ್ನು ಈಗ ಕಾಣುವ ಅನುರಣನ ಆವರ್ತನದಿಂದ ಗುಣಿಸಿ, ಬೇಕಾದ ಆವರ್ತನದಿಂದ ಭಾಗಿಸಬೇಕು. ಉದಾಹರಣೆಗೆ 10.40 ಮೀಟರಿನ ತೋಳುಗಳಿಂದ ಎಸ್‌ಡಬ್ಲ್ಯುಆರ್‌ನ (ಕೇಬಲ್ಲಿಗೂ ಆಂಟೆನಾಗೂ ಎಷ್ಟು ಹೊಂದಾಣಿಕೆಯಿದೆ ಎಂಬ ಅಳತೆ; 1 ಆದರೆ ಪೂರ್ಣ ಹೊಂದಾಣಿಕೆ) ತಗ್ಗು 6.720ರಲ್ಲಿ ಕಂಡಿತು ಎನ್ನೋಣ. ಬೇಕಾದದ್ದು 7.100. ಲೆಕ್ಕದಂತೆ ತೋಳು 9.84 ಮೀಟರ್ ಆಗಬೇಕು, ಅಂದರೆ ಪ್ರತಿ ಬದಿಯಲ್ಲಿ 56 ಸೆಂಟಿಮೀಟರ್ ಕಡಿಮೆ. ಆದರೆ ಒಮ್ಮೆಗೇ ಅಷ್ಟನ್ನೂ ತೆಗೆಯಬಾರದು. ಮೊದಲು ಎರಡೂ ಬದಿಗಳಲ್ಲಿ 40 ಸೆಂಟಿಮೀಟರ್ ಹಿಂದಕ್ಕೆ ಮಡಿಸಿ, ತಂತಿಯ ಮೇಲೇ ಒತ್ತಾಗಿ ಸುತ್ತಿ, ಮತ್ತೆ ಏರಿಸಿ ಅಳೆಯಬೇಕು. ತಗ್ಗು 6.990ರ ಆಸುಪಾಸಿಗೆ ಬಂದಿದ್ದರೆ ಲೆಕ್ಕ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಉಳಿದ 16 ಸೆಂಟಿಮೀಟರನ್ನು ಧೈರ್ಯವಾಗಿ ಮಡಿಸಬಹುದು. ಅಷ್ಟು ಸರಿಯದೆ ಇದ್ದರೆ ತುದಿಯ ಹತ್ತಿರ ತಗಡು, ನೀರಿನ ಟ್ಯಾಂಕು, ಕಬ್ಬಿಣದ ಗ್ರಿಲ್ಲು ಇವೆಯೇ ಎಂದು ನೋಡಬೇಕು.

40 ಮೀಟರ್ ಕೂತ ಮೇಲೆ 20, ಆಮೇಲೆ 10. ಇಲ್ಲಿ ಸೆಂಟಿಮೀಟರಿನ ಬೆಲೆ ಒಂದೊಂದು ಬ್ಯಾಂಡಿನಲ್ಲಿ ಒಂದೊಂದು ಎಂಬುದನ್ನು ಮರೆಯಬಾರದು. ಪ್ರತಿ ತೋಳಿನಲ್ಲಿ ಒಂದು ಸೆಂಟಿಮೀಟರ್ ಕಡಿಮೆ ಮಾಡಿದರೆ 7ರಲ್ಲಿ ತಗ್ಗು ಸುಮಾರು 7 ಕಿಲೋಹರ್ಟ್ಸ್ ಮೇಲೇರುತ್ತದೆ, 14ರಲ್ಲಿ 28, 28ರಲ್ಲಿ 110ಕ್ಕೂ ಹೆಚ್ಚು. ಫ್ಯಾನಿನಲ್ಲಿ ಚಿಕ್ಕ ಜೋಡಿಗಳ ತಗ್ಗು ಒಂಟಿ ಡೈಪೋಲ್‌ನದಕ್ಕಿಂತ ಕಿರಿದಾಗಿಯೂ ಇರುತ್ತದೆ. ಕೊನೆಗೆ ಮೂರನ್ನೂ ಇನ್ನೊಮ್ಮೆ ಅಳೆಯಬೇಕು. 40ರಲ್ಲಿ ಹತ್ತಿಪ್ಪತ್ತು ಕಿಲೋಹರ್ಟ್ಸ್ ಸರಿದಿದ್ದರೆ ಅದನ್ನು ಹಾಗೆಯೇ ಬಿಡಬಹುದು. ಬ್ಯಾಂಡಿನ ನಡುವೆ 1.5ಕ್ಕಿಂತ ಕೆಳಗೆ, ಅಂಚುಗಳಲ್ಲಿ 2ರ ಒಳಗೆ ಎಸ್‌ಡಬ್ಲ್ಯುಆರ್ ಬಂದರೆ ಅಲ್ಲಿಗೆ ಕೈ ನಿಲ್ಲಿಸಬೇಕು. 1.4 ಇದ್ದುದನ್ನು 1.1 ಮಾಡಲು ಪಡುವ ಪಾಡಿನಿಂದ ದೂರದ ಕಿವಿಗೆ ಯಾವ ವ್ಯತ್ಯಾಸವೂ ಕೇಳಿಸುವುದಿಲ್ಲ.

40 ಮೀಟರಿನ ಜೋಡಿ ತನ್ನ ಮೂರು ಪಟ್ಟು ಆವರ್ತನದಲ್ಲೂ ಅನುರಣಿಸುವುದರಿಂದ 15 ಮೀಟರ್ ಬ್ಯಾಂಡು ಪುಕ್ಕಟೆ ಸಿಗುತ್ತದೆ ಎಂಬ ಮಾತು ಹ್ಯಾಮ್‌ಗಳಲ್ಲಿ ಪ್ರಚಲಿತವಾಗಿದೆ. ಅದು ಅರ್ಧ ನಿಜ. ತುದಿಗಳ ಪ್ರಭಾವದಿಂದಾಗಿ ಆ ಅನುರಣನ ಸರಿಯಾಗಿ 21.3ರಲ್ಲಿ ಬೀಳದೆ, ಸಾಮಾನ್ಯವಾಗಿ ಬ್ಯಾಂಡಿನ ಆಚೆ 21.5ರಿಂದ 22ರ ನಡುವೆ ಬೀಳುತ್ತದೆ. ರಿಗ್ಗಿನೊಳಗಿನ ಟ್ಯೂನರ್ ಇದ್ದರೆ ಅದನ್ನು ಸರಿಗಟ್ಟಬಹುದು. ಇಲ್ಲದಿದ್ದರೆ 15 ಮೀಟರಿಗೆಂದೇ ಇನ್ನೊಂದು ಜೋಡಿ ಸೇರಿಸುವುದು ಒಳ್ಳೆಯದು.

ಮೀಟರಿನ ಮಾತನ್ನು ಎಷ್ಟು ನಂಬಬೇಕು

ಎಸ್‌ಡಬ್ಲ್ಯುಆರ್ ಹೇಳುವುದು ಹೊಂದಾಣಿಕೆಯನ್ನು ಮಾತ್ರ. ಪ್ರಸರಣ ಚೆನ್ನಾಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಡಮ್ಮಿ ಲೋಡ್ (ಆಂಟೆನಾದ ಬದಲು ಹಾಕುವ ರೆಸಿಸ್ಟರ್) 1:1 ತೋರಿಸುತ್ತದೆ, ಆದರೆ ಪಕ್ಕದ ಓಣಿಗೂ ಕೇಳಿಸುವುದಿಲ್ಲ. ಕೇಬಲ್ಲಿನ ನಷ್ಟವೂ ಹೀಗೆಯೇ ಕಣ್ಣು ಕಟ್ಟುತ್ತದೆ. 30 ಮೀಟರ್ ಉದ್ದದ ಆರ್‌ಜಿ-58 ಕೇಬಲ್ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು 2.5 ಡೆಸಿಬೆಲ್ ನುಂಗುತ್ತದೆ. ರಿಗ್ಗಿನಿಂದ 100 ವ್ಯಾಟ್ ಹೊರಟರೆ ಆಂಟೆನಾ ತಲಪುವುದು 56 ವ್ಯಾಟ್. ಅದೇ ಕೇಬಲ್ಲಿನ ದೂರದ ತುದಿಯಿಂದ ಆಂಟೆನಾವನ್ನೇ ಬಿಚ್ಚಿಹಾಕಿದರೂ ರಿಗ್ಗಿನ ಬಳಿಯ ಮೀಟರ್ ಸುಮಾರು 3.5 ತೋರಿಸುತ್ತದೆ; ಬಿಚ್ಚಿದ ತುದಿಯಲ್ಲಿ ನಿಜವಾದ ಅಂಕಿ ಅನಂತ. ಆದ್ದರಿಂದ ಸಾಧ್ಯವಾದರೆ ಫೀಡ್ ಪಾಯಿಂಟಿನ ಹತ್ತಿರವೇ, ಚಿಕ್ಕ ಕೇಬಲ್ಲಿನಿಂದ ಅಳೆಯಬೇಕು. ಕೇಬಲ್ ಉದ್ದವಾಗುವ ಕಡೆ ಆರ್‌ಜಿ-213 ಹಾಕಿದರೆ 100ರಲ್ಲಿ ಸುಮಾರು 78 ವ್ಯಾಟ್ ಮೇಲಕ್ಕೆ ಹೋಗುತ್ತದೆ. ಆ ಕೇಬಲ್ ದಪ್ಪವಾಗಿರುವುದರಿಂದ ಚೋಕ್ ಸುತ್ತಲು ಮಾತ್ರ ಆರ್‌ಜಿ-58ರ ತುಂಡನ್ನು ಬಳಸಬೇಕು.

ಒಂದೇ ಮರವಿದ್ದಲ್ಲಿ

ಗಂಗಾವತಿ, ಸಿಂಧನೂರಿನ ಗದ್ದೆ ಬಯಲುಗಳಲ್ಲೋ ಕೊಪ್ಪಳದ ಬಂಡೆಗುಡ್ಡಗಳ ಮೇಲೋ ಒಂದು ದಿನದ ಮಟ್ಟಿಗೆ ಸ್ಟೇಷನ್ ಹೂಡುವವರಿಗೆ ತುದಿಯಿಂದ ಫೀಡ್ ಮಾಡುವ ಅರ್ಧತರಂಗ ತಂತಿ ಅನುಕೂಲ. ಸುಮಾರು 20 ಮೀಟರಿನ ಒಂದೇ ತಂತಿ 40, 20, 15 ಮತ್ತು 10 ಮೀಟರ್ ಬ್ಯಾಂಡುಗಳಲ್ಲಿ ಕೆಲಸ ಮಾಡುತ್ತದೆ. ತುದಿಯ ಇಂಪೀಡೆನ್ಸ್ ಎರಡೂವರೆ ಸಾವಿರ ಓಮ್‌ನ ಆಸುಪಾಸಿನಲ್ಲಿರುವುದರಿಂದ 49:1 ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ240-43ರ ಮೇಲೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು ಹಾಕಿ, ಮೇಲಿನ ಬ್ಯಾಂಡುಗಳಿಗಾಗಿ ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್‌ನ, ಹೆಚ್ಚು ವೋಲ್ಟೇಜ್ ತಾಳುವ ಕೆಪಾಸಿಟರ್ ಕೂಡಿಸಬೇಕು. ಕವಚದ ಬದಿಗೆ ಸುಮಾರು 2 ಮೀಟರಿನ ಕೌಂಟರ್‌ಪಾಯ್ಸ್ ತಂತಿ (ಮರಳುವ ಕರೆಂಟಿಗೆ ದಾರಿ), ಅದರಾಚೆ ಕೋಆಕ್ಸಿನಲ್ಲಿ ಚೋಕ್. 100 ವ್ಯಾಟ್ ಹಾಯಿಸುವಾಗ ತಂತಿಯ ತುದಿಯಲ್ಲಿ 500 ವೋಲ್ಟ್ ಇರುತ್ತದೆ. ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಕಟ್ಟಬೇಕು. ಕೋಟೆ, ಮಂಟಪ ಮೊದಲಾದ ಸಂರಕ್ಷಿತ ಸ್ಮಾರಕಗಳ ಕಂಬಗಳಿಗೆ ಹಗ್ಗ ಬಿಗಿಯಲೇಬಾರದು.

ಅರ್ಥಿಂಗ್, ಸಿಡಿಲು ಮತ್ತು ಮಳೆಗಾಲದ ನಂತರ

ಡೈಪೋಲ್ ಕೆಲಸ ಮಾಡಲು ಭೂಸಂಪರ್ಕ ಬೇಕಿಲ್ಲ. ಅದು ಬೇಕಾಗುವುದು ಸುರಕ್ಷತೆಗೆ. ನಮ್ಮ ಎರೆಭೂಮಿ ತೇವವಿದ್ದಾಗ ಒಳ್ಳೆಯ ವಾಹಕ, ಆದರೆ ಬೇಸಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ರಾಡನ್ನು ಸುತ್ತಲಿಂದ ಬಿಡಿಸಿಬಿಡುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬರುವುದು ಅದೇ ಹೊತ್ತಿನಲ್ಲಿ. ಆದ್ದರಿಂದ ಅರ್ಥ್ ರಾಡಿನ ಗುಂಡಿಗೆ ಬೇಸಗೆಯುದ್ದಕ್ಕೂ ನೀರು ಹಾಕುತ್ತಿರಬೇಕು. ಬಳ್ಳಾರಿ, ಕೊಪ್ಪಳದ ಬಂಡೆನೆಲದಲ್ಲಿ ರಾಡ್ ಇಳಿಯದಿದ್ದರೆ ತಾಮ್ರದ ಪಟ್ಟಿಯನ್ನು ಕಾಲುವೆ ತೋಡಿ ಅಡ್ಡಡ್ಡ ಹೂಳಬೇಕು. ಈ ಅರ್ಥಿಂಗ್ ಮನೆಯ ವಿದ್ಯುತ್ ಅರ್ಥಿಂಗಿಗೂ ಜೋಡಿಸಿರಬೇಕು. ಇಷ್ಟೆಲ್ಲ ಮಾಡಿದರೂ ಮೋಡ ಕವಿಯುವ ಮುನ್ನ ಕೋಆಕ್ಸನ್ನು ರಿಗ್ಗಿನಿಂದ ಬಿಚ್ಚಿ ಮನೆಯ ಹೊರಗಿಡುವುದನ್ನು ರೂಢಿ ಮಾಡಿಕೊಳ್ಳಲೇಬೇಕು.

ಟ್ಯೂನಿಂಗ್ ಮುಗಿದ ದಿನವೇ ಮೂರೂ ಬ್ಯಾಂಡುಗಳ ತಗ್ಗಿನ ಆವರ್ತನ ಮತ್ತು ಎಸ್‌ಡಬ್ಲ್ಯುಆರ್ ಅನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ಹೋಲಿಸಿದರೆ ಕಂಬ ಹತ್ತುವ ಮೊದಲೇ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ. ಮೂರೂ ತಗ್ಗುಗಳು ತುಸು ಕೆಳಗಿಳಿದಿದ್ದರೆ ತಂತಿ ಜೋಲು ಬಿದ್ದಿದೆ ಅಥವಾ ಉದ್ದವಾಗಿದೆ. ಒಂದೇ ಬ್ಯಾಂಡಿನ ತಗ್ಗು ಮಾಯವಾಗಿದ್ದರೆ ಆ ಜೋಡಿಯ ತಂತಿಯೋ ಬೆಸುಗೆಯೋ ಕಡಿದಿದೆ. ಎಲ್ಲ ಬ್ಯಾಂಡುಗಳಲ್ಲೂ ಎಸ್‌ಡಬ್ಲ್ಯುಆರ್ ಮೊದಲಿಗಿಂತ ಚಂದವಾಗಿ, ತಗ್ಗೇ ಕಾಣದಷ್ಟು ಸಮತಟ್ಟಾಗಿ ಬಂದಿದ್ದರೆ ಹಿಗ್ಗಬಾರದು. ಕೋಆಕ್ಸಿನೊಳಗೆ ನೀರು ಇಳಿದಿದೆ, ಕೇಬಲ್ ಬದಲಿಸಬೇಕು.